ಇಸೋಬೆಯ ಕಣ್ಣು

ಬಲಕ್ಕೆ ತಿರುಗಿ ನಿಂತಿದ್ದ ಕುರೋಸೆಯ ಕಾಲಿಗೆ ಸೆಳೆತ ಬಂತು. ನೋವಿಗೆ ಉಸಿರು ಬಿಗಿಹಿಡಿದು ಎರಡೂ ಕೈಯಲ್ಲಿ ಕಂಬಿ ಹಿಡಿದ. ಪಕ್ಕದಲ್ಲಿದ್ದ ಇಸೋಬೆ ತಕ್ಷಣ ಮೈಕಿನಲ್ಲಿ ಕೂಗಿದ: "ತಿಮಿಂಗಿಲ! ಬಲಕ್ಕೆ!"

ಬೇಟೆ ಹಡಗಿನ ಕಂಬದ ತುದಿಯ ಕಾವಲು ಗೂಡಿನಲ್ಲಿ ಇಬ್ಬರೂ ಏಳು ವರ್ಷದ ಜೊತೆಗಾರರು. ಮೊದಲು ಕೂಗಿದವನಿಗೆ ಬಾಲದ ಬುಡದ ಮೆತ್ತನೆಯ ಮಾಂಸ. ತಿಮಿಂಗಿಲ ಕಂಡರೆ ಕುರೋಸೆಗೆ ಮೊದಲು ಕಂಬಿಯ ಮೇಲೆ ಕೈ ಬಿಗಿಯುತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ ಇಸೋಬೆ ಕೂಗಿರುತ್ತಿದ್ದ. ಊಟದ ಹೊತ್ತಿಗೆ ಅವನ ತಟ್ಟೆ ನೋಡಿ ಕುರೋಸೆಯ ಹೊಟ್ಟೆ ಉರಿಯುತ್ತಿತ್ತು.

"ಭಲೇ ಇಸೋಬೆ! ಹದ್ದಿನ ಕಣ್ಣು ಕಣೋ ನಿಂದು!" ಕೆಳಗಿನಿಂದ ಕ್ಯಾಪ್ಟನ್ ದನಿ. ಹಡಗು ಬಲಕ್ಕೆ ಹೊರಳಿತು. ಅಲ್ಲಿ ಬರಿಯ ನೀರು.

"ಎಲ್ಲೋ ಅದು?" ಎಂದ ಕುರೋಸೆ.

ಇಸೋಬೆ ಕಡಲಿನತ್ತ ತಿರುಗಲೇ ಇಲ್ಲ. ಕುರೋಸೆಯ ಕೈಗಳನ್ನೇ ನೋಡುತ್ತಿದ್ದ.

"ಮತ್ತ್ಯಾಕೋ ಕಂಬಿ ಹಿಡ್ಕೊಂಡೆ?"