ಎರಡು ಕಂಬಗಳ ನಡುವೆ

"ಇವತ್ತಾದ್ರೂ ಮುಂದೆ ಆಡಿಸಿ ಸಾರ್" ಎಂದು ಗೋಲ್‌ಕೀಪರ್ ಪ್ರತಿ ಪಂದ್ಯಕ್ಕೂ ಮುನ್ನ ಗೋಗರೆಯುತ್ತಿದ್ದ.

"ಇಷ್ಟುದ್ದ ಕೈ ಇಟ್ಕೊಂಡು ಮುಂದೆ ಏನ್ ಮಾಡ್ತೀಯೋ? ನೀನು ಜಾಗ ಬಿಟ್ರೆ ಟೀಮೇ ವಾಲಿಬಿಡುತ್ತೆ" ಎಂದು ಕೋಚ್ ಅವನನ್ನು ಮತ್ತೆ ಅದೇ ಎರಡು ಕಂಬಗಳ ನಡುವೆ ನಿಲ್ಲಿಸುತ್ತಿದ್ದರು.

ಫೈನಲ್ಲಿನ ಕೊನೆಯಲ್ಲಿ ಎದುರಾಳಿಗಳಿಗೆ ಪೆನಾಲ್ಟಿ ಸಿಕ್ಕಿತು. ಕಪ್ ಹೋದರೆ ಹೋಗಲಿ, ಇದೊಂದು ಗೋಲು ಬಿಟ್ಟರೆ ನನ್ನನ್ನು ಇಲ್ಲಿಂದ ತೆಗೆದೇ ತೆಗೆಯುತ್ತಾರೆ ಎಂದುಕೊಂಡ ಗೋಲ್‌ಕೀಪರ್. ಒದೆಯಲು ಬಂದವನು ಒಂದು ಮೂಲೆಯನ್ನೇ ನೋಡುತ್ತಿದ್ದ. ಇವನು ಇನ್ನೊಂದು ಮೂಲೆಗೆ ಮೊದಲೇ ಬಿದ್ದುಬಿಟ್ಟ. ಚೆಂಡು ಮೆಲ್ಲಗೆ ಉರುಳಿಕೊಂಡು ಬಂದು ಇವನ ಎದೆಗೇ ಸೇರಿತು.

"ಗೋಲ್ ಕಾಯೋಕೇ ಹುಟ್ಟಿದೋನು ಕಣೋ ನೀನು!" ಎನ್ನುತ್ತಾ ಕೋಚ್ ಓಡಿಬಂದು ತಬ್ಬಿಕೊಂಡರು.

ಚೆಂಡು ಒದ್ದವನೂ ಬಂದು ಕೈಕುಲುಕಿದ. ಕಿವಿಯ ಬಳಿ ಬಗ್ಗಿ ಉಸುರಿದ: "ಬೇಕಂತ್ಲೇ ನೀವು ಬಿದ್ದ ಕಡೆ ಒದ್ದೆ ಅಣ್ಣಾ. ಇನ್ಮೇಲಾದ್ರೂ ನನ್ನನ್ನ ಗೋಲ್ ಕಾಯೋಕೆ ನಿಲ್ಲಿಸ್ತಾರೆ."