ತೊಳೆದ ಕಲ್ಲು

“ಈ ಕಲ್ಲನ್ನು ತೊಳೆದವರು ಯಾರು?”

ಬೋರ್‌ವೆಲ್ ಲಾರಿಯ ಮುಂದೆ ಮಂಡಿಯೂರಿ ಕೂತಿದ್ದ ಬೋರಿನ ಜಾಗ ಗುರುತಿಸುವ ವಿದೇಶಿ ಎಂಜಿನಿಯರ್ ರೈನರ್ ಸಾಹೇಬರು ತಲೆಯೆತ್ತಿ ಇಂಗ್ಲಿಷಿನಲ್ಲಿ ಕೇಳಿದರು. ಅದನ್ನು ಊರಿನವರಿಗೆ ಕನ್ನಡದಲ್ಲಿ ಹೇಳಬೇಕಾದವರು ಶಾಲೆಯ ಮುರುಗೇಶಪ್ಪ ಮೇಷ್ಟ್ರು. ತೊಳೆದವರು ಅವರೇ.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಜಗಳೂರು ಸೀಮೆಯ ಆ ಹಳ್ಳಿಗೆ ಮಂಜೂರಾದದ್ದು ಒಂದೇ ಬೋರು. ಮೂರು ದಿನದ ಹಿಂದೆ ಸಾಹೇಬರು ನೆಲ ನೋಡಿ, ಹರಿಜನ ಕೇರಿಯ ಬೇವಿನ ಮರದ ಬಳಿ ಕಲ್ಲಿಟ್ಟು ಸುಣ್ಣದಲ್ಲಿ ಗುರುತು ಬರೆದಿದ್ದರು. ಕೇರಿಯ ಓಬವ್ವ ಗಂಗಮ್ಮನೇ ಬಂದಳೆಂದು ಆ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿದಳು. ಕೇರಿಗೆ ಬೋರು ಬಿದ್ದರೆ ಊರಿನವರು ಅಲ್ಲಿಗೆ ಕೊಡ ಹಿಡಿದು ಹೋಗುವುದುಂಟೇ? ಹಾಗಂದವರು ಮೇಷ್ಟ್ರ ಅಣ್ಣ, ಚೇರ್ಮನ್ ಪಂಚಾಕ್ಷರಪ್ಪ. ಇವತ್ತು ಬೆಳಗಿನ ಜಾವ ಅಣ್ಣ ತಮ್ಮ ಇಬ್ಬರೇ ಹೋಗಿ ಕಲ್ಲನ್ನು ಹೊತ್ತು ತಂದು ಮೇಲಿನ ಓಣಿಯಲ್ಲಿ ಇಟ್ಟರು. ಸುಮ್ಮನೆ ತಂದಿದ್ದರೆ ಕೆಲಸ ಆಗಿಹೋಗುತ್ತಿತ್ತು. ಆದರೆ ಕೇರಿಯವರು ಮುಟ್ಟಿದ ಕಲ್ಲು ನೋಡಿ! ಮುಟ್ಟುವ ಮೊದಲು ಮೇಷ್ಟ್ರು ನೀರು ಸುರಿದು, ತೆಂಗಿನ ನಾರಿನಿಂದ ಗಸಗಸ ಉಜ್ಜಿದರು. ಕುಂಕುಮದ ಜೊತೆಗೆ ಸುಣ್ಣದ ಗುರುತೂ ಹೋಯಿತು. ಬಿ.ಎ. ಪಾಸಾದ ಮೇಷ್ಟ್ರಿಗೆ ಅಷ್ಟೂ ಹೊಳೆಯಲಿಲ್ಲ. ಗುರುತಿಲ್ಲದೆ ಬೋರು ಹಾಕಲಾರೆವೆಂದು ಲಾರಿಯವರು ಜಗಳೂರಿನ ಬಂಗಲೆಯಿಂದ ಸಾಹೇಬರನ್ನೇ ಕರೆತಂದರು.

“ಏನಂತೋ?” ಎಂದರು ಪಂಚಾಕ್ಷರಪ್ಪ.

“ಕಲ್ಲು ತೊಳೆದೋರು ಯಾರು ಅಂತಾರೆ ಅಣ್ಣಾ.”

“ಮಳೆ ಬಂದು ತೊಳೀತು ಅಂತ ಹೇಳೋ.”

ಅಲ್ಲಿ ಮಳೆ ಬಿದ್ದು ಏಳು ತಿಂಗಳಾಗಿತ್ತು. ಮೇಷ್ಟ್ರು ಅದನ್ನು ಇಂಗ್ಲಿಷಿಗೆ ತರುವ ಮೊದಲೇ ಸಾಹೇಬರು ಕಲ್ಲಿನ ಮೇಲೆ ಕೈಯಿಟ್ಟುಕೊಂಡೇ ನಿಧಾನವಾಗಿ ಮಾತಾಡತೊಡಗಿದರು. ಜಾಗ ಬದಲಾದ ಸುದ್ದಿಯನ್ನೇ ಅವರು ಎತ್ತಲಿಲ್ಲ.

“ನಾನು ಜರ್ಮನ್. ಆದರೆ ಹುಟ್ಟಿದ್ದು ಬ್ರೆಜಿಲ್ ದೇಶದಲ್ಲಿ. ನಮ್ಮಜ್ಜ ಅಲ್ಲಿಗೆ ಹೋಗಿ ಕಾಡು ಕಡಿದು ಹೊಲ ಮಾಡಿದವನು. ನಮ್ಮದೇ ಊರು, ನಮ್ಮದೇ ಭಾಷೆ, ನಮ್ಮದೇ ಶಾಲೆ. ನನಗೆ ಹತ್ತು ವರ್ಷವಾಗಿದ್ದಾಗ ಜರ್ಮನಿಯಿಂದ ಹಡಗು ಹತ್ತಿ ಹೊಸ ಮೇಷ್ಟ್ರು ಬಂದರು. ಗೋಡೆಗೆ ಹಿಟ್ಲರನ ಪಟ ಹಾಕಿದರು. ಕೈ ಚಾಚಿ ಅವನಿಗೆ ಜೈ ಅನ್ನುವುದನ್ನು ಕಲಿಸಿದರು. ಜರ್ಮನಿಯ ಮಣ್ಣನ್ನೇ ಕಾಣದ ನಮಗೆ, ನಿಮ್ಮ ರಕ್ತ ಎಲ್ಲರ ರಕ್ತಕ್ಕಿಂತ ಶುದ್ಧ ಎಂದರು. ಅದನ್ನು ಕೇಳಿ ನಮ್ಮ ಅಪ್ಪಂದಿರು ಹಿರಿಹಿರಿ ಹಿಗ್ಗಿದರು.”

ಮೇಷ್ಟ್ರು ಒಂದೊಂದೇ ಮಾತನ್ನು ಕನ್ನಡಕ್ಕೆ ತರುತ್ತಿದ್ದರು. ದೂರದಲ್ಲಿ, ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಓಬವ್ವ ನಿಂತಿದ್ದಳು.

“ನನ್ನ ಪಕ್ಕ ಯಾಕೋಬ್ ಕೂರುತ್ತಿದ್ದ, ಯಹೂದಿ ಅಂಗಡಿಯವನ ಮಗ. ಒಂದು ದಿನ ಅವನನ್ನು ಎಬ್ಬಿಸಿ ಬಾಗಿಲಾಚೆ ನಿಲ್ಲಿಸಿದರು. ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ. ಅವನು ಕೂತಿದ್ದ ಜಾಗ ತೊಳೆ ಎಂದು ನನಗೆ ಹೇಳಿದರು. ತೊಳೆದೆ. ಅವನು ನೋಡುತ್ತಿದ್ದ. ಮರುದಿನದಿಂದ ಶಾಲೆಗೆ ಬರಲಿಲ್ಲ. ಆ ಬೆಂಚಿನ ಮೇಲೆ ಏನು ಕೊಳೆ ಇತ್ತು ಎಂದು ನಲವತ್ತು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ.”

ಕೊನೆಯ ಮಾತನ್ನೂ ಮೇಷ್ಟ್ರು ಕನ್ನಡಕ್ಕೆ ತಂದರು. ತಮ್ಮ ಶಾಲೆಯಲ್ಲೂ ಕೇರಿಯ ಮಕ್ಕಳು ಕೂರುವುದು ಬಾಗಿಲ ಹತ್ತಿರವೇ. ಹಾಗೆ ಕೂರಿಸಿದವರು ಬೇರೆ ಯಾರೂ ಅಲ್ಲ, ಅವರೇ.

“ಸಾಕು ಬಾರೋ ಮುರುಗೇಶಿ,” ಎಂದು ಅಣ್ಣ ಗದರಿದರು.

“ತಡಿ ಅಣ್ಣಾ. ಸಾಹೇಬ್ರ ಮಾತು ಮುಗೀತು, ಇನ್ನು ನಂದು ಐತೆ.” ಮೇಷ್ಟ್ರು ಜನರ ಕಡೆ ತಿರುಗಿದರು. “ಕೇರಿಯಿಂದ ಈ ಕಲ್ಲು ಹೊತ್ಕೊಂಡು ಬಂದೋರು ನಾವಿಬ್ರು. ತೊಳೆದೋನು ನಾನು.” ಅದನ್ನೇ ಸಾಹೇಬರಿಗೂ ಇಂಗ್ಲಿಷಿನಲ್ಲಿ ಹೇಳಿದರು.

ಪಂಚಾಕ್ಷರಪ್ಪ ಟವೆಲ್ ಕೊಡವಿ ಹೊರಟುಹೋದರು. ಸಾಹೇಬರು ಎದ್ದು, ಲಾರಿಯನ್ನು ಬೇವಿನ ಮರದ ಕಡೆ ತಿರುಗಿಸುವಂತೆ ಡ್ರೈವರಿಗೆ ಕೈ ಮಾಡಿದರು. ಹೇಳಿಬಿಟ್ಟೆನಲ್ಲ ಎಂದು ಮೇಷ್ಟ್ರಿಗೆ ಮನಸ್ಸು ಸ್ವಲ್ಪ ಹಗುರಾಯಿತು.

ಆಗ ಓಬವ್ವ ನಿಂತಲ್ಲಿಂದಲೇ ಕೇಳಿದಳು.

“ಎಷ್ಟು ನೀರು ಹಿಡೀತ್ರೀ ಮೇಷ್ಟ್ರೇ, ಅದನ್ನ ತೊಳೆಯಾಕೆ?”

“ಎರಡು ಕೊಡ, ಓಬವ್ವ.”

ಅವಳು ಖಾಲಿ ಕೊಡವನ್ನು ಸೊಂಟದಿಂದ ಇಳಿಸಿದಳು.

“ನಿನ್ನೆ ಹೊತ್ತು ನೆತ್ತಿಗೆ ಬರೋ ತನಕ ನಿಮ್ಮ ಬಾವಿ ಹತ್ರ ನಿಂತಿದ್ದೆ. ನಾವು ಸೇದಂಗಿಲ್ಲ, ನೀವೇ ಹುಯ್ಯಬೇಕು. ಒಂದು ಕೊಡ ಹುಯ್ರೀ ಅಂತ ಬೇಡ್ಕೊಂಡೆ, ನಿಮ್ಮನ್ನೂ ಬೇಡ್ಕೊಂಡೆ. ನೀರಿಲ್ಲ ಹೋಗು ಅಂದ್ರಲ್ರೀ.”