ಬಾಗಿಲಾಚೆಯ ಕತ್ತಲೆ

"ಹನ್ನೆರಡು ಚಿತ್ರಗಳಲ್ಲೂ ಬಾಗಿಲು ತೆರೆದೇ ಇದೆ, ಒಳಗೆ ಮಾತ್ರ ಬರೀ ಕತ್ತಲೆ. ಯಾಕಿರಬಹುದು?" ಮೈಸೂರಿನಿಂದ ಬಂದ ಮೇಷ್ಟ್ರು ಕೇಳಿದಾಗ ಪದ್ಮಯ್ಯ ಗಂಟಲು ಸರಿಮಾಡಿಕೊಂಡ. ಮೂಡುಬಿದಿರೆಯಲ್ಲಿರುವ ಪದ್ಮಯ್ಯನ ಈ ಮನೆಯನ್ನು ಚಿತ್ರಿಸಿಯೇ ಆ ಚಿತ್ರಗಳ ಕಲಾವಿದ ದೊಡ್ಡ ಹೆಸರು ಮಾಡಿದ್ದ. ಅವನು ಬಂದುಹೋದಾಗ ಪದ್ಮಯ್ಯ ತೊಟ್ಟಿಲಲ್ಲಿದ್ದ. ಆದರೂ ನೋಡಲು ಬಂದವರಿಗೆಲ್ಲ ಅವನ ದನಿ ಅನುಕರಿಸಿ, "ಕತ್ತಲೆಯೇ ಮನೆಯ ಆತ್ಮ" ಎಂದು ಹೇಳಿ ತೋರಿಸುತ್ತಿದ್ದ. ಬಣ್ಣ ಹಚ್ಚುವುದರಲ್ಲಿ ಇವನೇನೂ ಕಡಿಮೆಯಲ್ಲ.

ಪದ್ಮಯ್ಯ ಬಾಯಿ ತೆರೆಯುವ ಮೊದಲೇ, ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ತಾಯಿ ಕಾವೇರಮ್ಮ ತುಳುವಿನಲ್ಲಿ ನಾಲ್ಕು ಮಾತು ಹೇಳಿದರು. ಪದ್ಮಯ್ಯ ಅದನ್ನು ಕೇಳಿದ್ದು ಇದೇ ಮೊದಲು.

"ಅಮ್ಮ ಏನಂದ್ರು?" ಎಂದರು ತುಳು ತಿಳಿಯದ ಮೇಷ್ಟ್ರು.

ಊಟ ಮಾಡಿ ಹೋಗಬೇಕಂತೆ ಎಂದುಬಿಟ್ಟರೆ ಮನೆತನದ ಮರ್ಯಾದೆ ಉಳಿಯುತ್ತಿತ್ತು. ತಾಯಿ ಮಗನ ಬಾಯನ್ನೇ ನೋಡುತ್ತಿದ್ದರು. ಪದ್ಮಯ್ಯ ಈ ಸಲ ಕಲಾವಿದನ ದನಿ ಬಿಟ್ಟು ತಾಯಿಯ ದನಿಯಲ್ಲೇ ಹೇಳಿದ: "ಆ ಚಿತ್ರ ಬಿಡಿಸಿದವರ ಜಾತಿ ಯಾವುದಂತ ನಮಗೆ ಗೊತ್ತಿರಲಿಲ್ಲ. ಹದಿನೈದು ದಿವಸ ಅಂಗಳದಲ್ಲೇ ಎಲೆ ಹಾಕಿ ಬಡಿಸಿದ್ದು. ಒಳಗೆ ಬನ್ನಿ ಅಂತ ಒಬ್ಬರೂ ಹೇಳಲಿಲ್ಲ. ನೋಡದ್ದನ್ನು ಪಾಪ, ಅವರು ಹೇಗೆ ಬಿಡಿಸುವುದು?"